ಭಿಡೆಯ ಉಪವಾಸ

ದೇವರು ಎಲ್ಲರಿಗೂ ಎಲ್ಲವನ್ನೂ ಕೊಡುವುದಿಲ್ಲ. ಒಬ್ಬನಿಗೆ ಹೊಲ ಕೊಡುತ್ತಾನೆ, ಒಬ್ಬನಿಗೆ ಹಸಿವು ಕೊಡುತ್ತಾನೆ, ಇನ್ನೊಬ್ಬನಿಗೆ ಎರಡನ್ನೂ ಕೊಟ್ಟು ನಿದ್ದೆಯನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಳ್ಳುತ್ತಾನೆ. ಸೇಡಂನ ರೇವಣಸಿದ್ದನಿಗೆ ಅವನು ಕೈಯೆತ್ತಿ ಕೊಟ್ಟದ್ದು ಭಿಡೆ. ಎದುರಿಗಿದ್ದವರ ಮನಸ್ಸಿಗೆ ಎಲ್ಲಿ ನೋವಾದೀತೋ ಎಂದು ತನ್ನ ಮಾತನ್ನು ತಾನೇ ನುಂಗಿಕೊಳ್ಳುವ ಗುಣ. ಒಮ್ಮೆ ಬಸ್ಸಿನಲ್ಲಿ ಒಬ್ಬ ದಪ್ಪ ಮನುಷ್ಯ ಇವನ ಕಾಲಿನ ಮೇಲೆ ಕಾಲಿಟ್ಟು ನಿಂತಿದ್ದ. 'ಕಾಲು ತೆಗೀರಿ' ಅನ್ನಲು ಭಿಡೆ. ಆ ಮನುಷ್ಯನ ಊರು ಬರಲೆಂದು ಕಾದು ಕಾದು, ಚಿತ್ತಾಪುರದಲ್ಲಿ ಇಳಿಯಬೇಕಾದ ರೇವಣಸಿದ್ದ ಶಹಾಬಾದಿನಲ್ಲಿ ಇಳಿದ. ಇಳಿದ ಮೇಲೆ ಆ ದಪ್ಪ ಮನುಷ್ಯನಿಗೆ ಕೈಮುಗಿದೂ ಬಂದ.

ಇಂಥ ರೇವಣಸಿದ್ದ ಬಸವಂತರಾಯರ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಬೀಗರೂರಿನಲ್ಲಿ ಕೇಳಿದವರಿಗೆ 'ಸುಪರ್‌ವೈಜರ್' ಎನ್ನುತ್ತಿದ್ದ. ಮುಂಜಾನೆ ಮೋಟರಿನ ಗುಂಡಿ ಒತ್ತಿ ಮಿಲ್ಲು ಚಾಲೂ ಮಾಡುವುದು, ಸಂಜೆ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಅವನ ಮುಖ್ಯ ಕೆಲಸ. ನಡುವಿನ ಹೊತ್ತಿನಲ್ಲಿ ತೊಗರಿ ಬೇಳೆಯಾಗುವುದನ್ನು ಭಕ್ತಿಯಿಂದ ನೋಡುತ್ತಿದ್ದ.

ಆ ವರ್ಷ ಅವನ ಭಾವಮೈದುನ ವಾಡಿಯ ಗೋದಾಮೊಂದರಲ್ಲಿ ಅವನಿಗೆ ಕೆಲಸ ನೋಡಿದ. ಪಗಾರ ಹೆಚ್ಚು, ಕೂಡಲು ಕುರ್ಚಿ, ಕುರ್ಚಿಗೆ ಗಾಲಿ. ಗಾಲಿಯ ಸುದ್ದಿ ಕೇಳಿದ ದಿನ ರೇವಣಸಿದ್ದನಿಗೆ ಊಟ ಸೇರಲಿಲ್ಲವಂತೆ. ಆದರೆ ಬೆಳಕು ಹರಿಯುವ ಮೊದಲೇ ಲಾರಿ ಬರುವ ಜಾಗವದು, ವಾಡಿಯಲ್ಲೇ ಮನೆ ಮಾಡಬೇಕು. ಮನೆಯೂ ಸಿಕ್ಕಿತು, ಎರಡು ಖೋಲಿ, ಬಾಗಿಲಲ್ಲೇ ನಳ. ಬುಧವಾರದೊಳಗೆ ಅಡ್ವಾನ್ಸು ಕೊಡದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮನೆಯ ಒಡೆಯ ಹೇಳಿದ್ದ. ಮನೆಯಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಗಾಲಿಯಿಲ್ಲ. ಅವನ ಹೆಂಡತಿ ಭಾಗ್ಯಜ್ಯೋತಿ ಆಗಲೇ ಓಣಿಗೆಲ್ಲ ಹೇಳಿ, ಪಾತ್ರೆಗಳನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದುಬಿಟ್ಟಿದ್ದಳು. ಇಡೀ ಸಂಸಾರ ಒಂದು ರೊಟ್ಟಿ ಹೆಂಚು, ಒಂದು ಬೋಗುಣಿಯ ಮೇಲೆ ನಡೆಯುತ್ತಿತ್ತು.

ಅಡ್ವಾನ್ಸಿನ ಹಣ ಎಲ್ಲಿತ್ತೆಂದರೆ ಬಸವಂತರಾಯರ ತಿಜೋರಿಯಲ್ಲಿತ್ತು. ರೇವಣಸಿದ್ದನ ಎರಡು ತಿಂಗಳ ಪಗಾರ ಅವರು ಕೊಟ್ಟಿರಲಿಲ್ಲ.

ಬಸವಂತರಾಯರು ಕೆಟ್ಟವರೇ ಎಂದು ನೀವು ಕೇಳಬಹುದು. ಅಲ್ಲ. ಬೆಳಗಿನ ಲಿಂಗಪೂಜೆ ತಪ್ಪಿಸಿದವರಲ್ಲ. ಹಸಿದು ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದವರಲ್ಲ. ರೇವಣಸಿದ್ದ ಕೆಲಸ ಬಿಡುತ್ತೇನೆಂದು ತಿಂಗಳ ಮೊದಲೇ ಹೇಳಿದಾಗ "ನಿನಗ ಛಲೋ ಆಗ್ಲಿ ತಮ್ಮಾ" ಎಂದು ಹೋಳಿಗೆ ಉಣಿಸಿದ್ದರು. ಕಡೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಕಾಯಿ ಕೊಟ್ಟು, ಮಿಲ್ಲಿನಲ್ಲಿ ಚೀಲ ಹೊರುವ ಹಮಾಲರನ್ನೆಲ್ಲ ಸುತ್ತ ನಿಲ್ಲಿಸಿ ಫೋಟೋ ತೆಗೆಸಿದ್ದರು. ಪಗಾರ ಒಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟಿದ್ದರು.

ಇದನ್ನು ತಿಳಿಯಬೇಕಾದರೆ ಆ ಮನೆತನದ ಒಂದು ಪದ್ಧತಿ ತಿಳಿಯಬೇಕು. ಬಂದ ಬೀಗರು ಹೊರಟು ನಿಂತಾಗ 'ಇನ್ನೊಂದು ದಿನ ಇರ್ರಿ' ಎಂದು ಬಾಯಲ್ಲಿ ಹೇಳುವವರು ಲೋಕದ ತುಂಬ ಇದ್ದಾರೆ. ಈ ಮನೆಯವರು ಬಾಯಿ ನೋಯಿಸಿಕೊಳ್ಳುತ್ತಿರಲಿಲ್ಲ. ಬೀಗರ ಚಪ್ಪಲಿ ಬಚ್ಚಿಡುತ್ತಿದ್ದರು. ಅಳಿಯಂದಿರ ಚಪ್ಪಲಿಗಳು ನೆಲದೊಳಗೆ ಜೋಳ ತುಂಬಿಡುವ ಹಗೇವಿನಲ್ಲಿ ಸಿಕ್ಕಿವೆ. ಮಿಲ್ಲು ನೋಡಲು ಬಂದ ಬ್ಯಾಂಕಿನ ಸಾಹೇಬರೊಬ್ಬರ ಎಡಗಾಲಿನ ಬೂಟನ್ನು ಪ್ರೀತಿಯಿಂದ ಎಷ್ಟು ಭದ್ರವಾಗಿ ಇಟ್ಟರೆಂದರೆ, ಅದು ಕೊನೆಗೂ ಸಿಗಲಿಲ್ಲ. ಬೇಳೆ ಚೀಲದ ಜೊತೆ ಹೈದರಾಬಾದಿಗೆ ಹೋಯಿತೆಂದು ಹಮಾಲರು ಹೇಳುತ್ತಾರೆ.

ರೇವಣಸಿದ್ದನ ವಿಷಯದಲ್ಲಿ ಚಪ್ಪಲಿ ಬಚ್ಚಿಟ್ಟು ಉಪಯೋಗವಿರಲಿಲ್ಲ. ಅವನು ಬರಿಗಾಲಲ್ಲೂ ವಾಡಿಗೆ ನಡೆದಾನು. ಆದ್ದರಿಂದ ಬಸವಂತರಾಯರು ಅವನ ಪಗಾರವನ್ನು ಬಚ್ಚಿಟ್ಟರು. 'ಪಗಾರ ಬಿಟ್ಟು ಎಲ್ಲಿ ಹೋಗ್ತಾನ? ತಿರುಗಿ ಬಂದೇ ಬರ್ತಾನ' ಎಂಬುದು ಅವರ ಲೆಕ್ಕ.

ಬಂದ, ದಿನಾ ಬಂದ. ಬಂದು ನಡೆದದ್ದೆಲ್ಲ ಒಂದೇ ತರಹ.

"ಸಾವ್ಕಾರ್ರೆ, ಅದೂ…"

"ಏ ಭಾಗಮ್ಮ! ರೇವಣಸಿದ್ದ ಬಂದಾನ, ತಾಟ ಹಾಕು!"

ಬಸವಂತರಾಯರ ಹೆಂಡತಿ ಭಾಗಮ್ಮನವರು ತಾಟು ಹಾಕಿದರೆ ಅದರ ಅಂಚು ಕಾಣುತ್ತಿರಲಿಲ್ಲ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಬೆಣ್ಣೆ. ಉಂಡು ಕೈತೊಳೆದ ಮೇಲೆ ಬಸವಂತರಾಯರೇ ಕೇಳುತ್ತಿದ್ದರು, "ಏನೋ ಹೇಳಾಕ ಬಂದಿದ್ದೆಲ್ಲೊ?"

ಉಂಡ ಬಾಯಿಂದ ಉಣಿಸಿದವರ ಬಳಿ ಹಣ ಕೇಳುವುದು ಹೇಗೆ? "ಏನಿಲ್ರಿ. ಪುಂಡಿ ಪಲ್ಯ ಭಾಳ ಛಲೋ ಆಗಿತ್ತು ಅಂತ ಹೇಳಬೇಕಂದಿದ್ದೆ."

ಮನೆಗೆ ಬಂದರೆ ಬಾಗಿಲಲ್ಲೇ ಭಾಗ್ಯಜ್ಯೋತಿ.

"ಎಲ್ಲಿ, ಕೈ ತೋರಸ್ರಿ."

ತೋರಿಸುತ್ತಿದ್ದ. ಅವಳು ಮೂಸುತ್ತಿದ್ದಳು.

"ಇವತ್ತ ಬದನಿಕಾಯಿ ಎಣಗಾಯಿ. ಪಗಾರ?"

"ನಾಳೆ ಕೇಳ್ತೀನಿ."

"ನಾಳೆ ಏನ್ ಮಾಡ್ತಾರಂತ, ಹುಗ್ಗಿ?"

ಹೀಗಿರುತ್ತ ಶ್ರಾವಣ ಸೋಮವಾರ ಬಂತು. ಬುಧವಾರ ಬಾಗಿಲ ಬಳಿ ನಿಂತಿತ್ತು. ಅಂದು ಮುಂಜಾನೆ ಭಾಗ್ಯಜ್ಯೋತಿ ಗಂಡನಿಗೆ ಹೊಟ್ಟೆ ಬಿರಿಯುವಷ್ಟು ರೊಟ್ಟಿ ಬಡಿದು ಹಾಕಿದಳು. ಅವನು ಸಾಕೆಂದರೂ ಬಿಡಲಿಲ್ಲ. ಆಮೇಲೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು:

"ನೋಡ್ರಿ, ಇವತ್ತ ಅವರ ಮನ್ಯಾಗ ಒಂದ್ ತುತ್ತೂ ಮುಟ್ಟಂಗಿಲ್ಲ. ಚಹಾ ಕುಡಿಯಂಗಿಲ್ಲ, ನೀರೂ ಕುಡಿಯಂಗಿಲ್ಲ. ಅವರದು ಏನರ ಹೊಟ್ಟಿಗಿ ಹೋತಂದ್ರ ನಿಮ್ಮ ಬಾಯಿಗಿ ಕೀಲಿ ಬೀಳ್ತದ. ಪಗಾರ ಕೈಯಾಗ ಬರೂತನ ಆ ಕಟ್ಟಿ ಬಿಟ್ಟು ಏಳಬ್ಯಾಡ್ರಿ. ನನ್ನ ಆಣಿ ಅದ."

ಆಣೆ ಹಾಕಿಸಿಕೊಂಡ ಗಂಡ ಹೊರಟ. ಮುಂದೆ ನಡೆದ ಎಲ್ಲದಕ್ಕೂ ಈ ಆಣೆಯೇ ಮೂಲವೆಂದು ಓಣಿಯವರು ಹೇಳುತ್ತಾರೆ. ನನಗೆ ಶಿವನ ಕೈವಾಡವೂ ಸ್ವಲ್ಪ ಕಾಣುತ್ತದೆ.

ಬಸವಂತರಾಯರು ಬಜಾರಿಗೆ ಹೋಗಿದ್ದರು. ರೇವಣಸಿದ್ದ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಭಾಗಮ್ಮನವರು ಹೊರಗೆ ಬಂದರು, ಕಂಡರು, ಒಳಗೆ ಹೋಗಿ ಚಹಾ ತಂದರು.

"ತೊಗೋ ತಮ್ಮಾ."

"ಬ್ಯಾಡ್ರಿ ಅಕ್ಕೋರೆ."

ಭಾಗಮ್ಮನವರು ಚಹಾದ ಬಸಿಯನ್ನು ಕಟ್ಟೆಯ ಮೇಲಿಟ್ಟು ಅವನ ಮುಖ ನೋಡಿದರು. ಆ ಮನೆಯ ಹೊಸ್ತಿಲಲ್ಲಿ ಇಷ್ಟು ವರ್ಷಗಳಲ್ಲಿ ಯಾರೂ ಆಡದ ಮಾತದು. ಕೋರ್ಟಿನಲ್ಲಿ ಅವರ ಮೇಲೆ ಹೊಲದ ಖಟ್ಲೆ ಹಾಕಿದ ದಾಯಾದಿ ಕೂಡ ಸಮನ್ಸು ತಂದವನ ಜೊತೆ ಬಂದು ಚಹಾ ಕುಡಿದೇ ಹೋಗಿದ್ದ.

"ಸಕ್ರಿ ಕಮ್ಮಿ ಹಾಕೀನಿ ಅಂತೀಯೇನು?"

"ಹಂಗಲ್ರಿ."

"ಹಾಲು ಕೊಡ್ಲಿ?"

"ಬ್ಯಾಡ್ರಿ."

"ಬಾಳಿಹಣ್ಣು?"

"ಬ್ಯಾಡ್ರಿ."

"ಒಂದ್ ಗುಟುಕು ನೀರರ ಕುಡಿ, ಬಿಸಲಾಗ ಬಂದೀದಿ."

ನೀರು ಬೇಡವೆನ್ನುವಾಗ ರೇವಣಸಿದ್ದನ ಕಣ್ಣಲ್ಲಿ ನೀರು ಬಂತು. ಅಷ್ಟು ಪ್ರೀತಿಯ ಮನುಷ್ಯಳಿಗೆ ಅಷ್ಟು ಸಲ ಬೇಡವೆನ್ನುವುದು ಅವನ ಭಿಡೆಗೆ ಹೊರಲಾರದ ಭಾರವಾಗಿತ್ತು. ಆ ಕಣ್ಣೀರನ್ನು ನೋಡಿದ ಭಾಗಮ್ಮನವರಿಗೆ ಎಲ್ಲ ಹೊಳೆಯಿತು.

"ಅಯ್ಯ ಶಿವನೇ! ಇವತ್ತ ಶ್ರಾವಣ ಸೋಮವಾರ! ವ್ರತ ಹಿಡದೀಯೇನಪ್ಪಾ?"

ಇಲ್ಲವೆಂದರೆ ಅಕ್ಕೋರ ಮಾತು ಸುಳ್ಳಾಗುತ್ತದೆ. ರೇವಣಸಿದ್ದ ಕತ್ತನ್ನು ಒಂದು ತರಹ ಆಡಿಸಿದ. ಅದು ಹೌದೆಂದೂ ಆಗುತ್ತಿತ್ತು, ನೊಣ ಓಡಿಸಿದಂತೆಯೂ ಆಗುತ್ತಿತ್ತು.

"ನೀರೂ ಇಲ್ದ ವ್ರತ! ಏನ್ ಬೇಡಿಕೊಂಡೀದಿ ತಮ್ಮಾ?"

"ಅದು… ಸಾವ್ಕಾರ್ರ ಕಡಿಂದ ಆಗಬೇಕ್ರಿ."

"ನಮ್ಮ ಯಜಮಾನರ ಸಲುವಾಗಿ!" ಭಾಗಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಸವಂತರಾಯರಿಗೆ ಮೊಣಕಾಲು ನೋವು ಶುರುವಾಗಿ ಆರು ತಿಂಗಳಾಗಿತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಎಣ್ಣೆಯ ಬಾಟಲಿ ಕಳಿಸಿ ಸುಮ್ಮನಾಗಿದ್ದರು. ಕೆಲಸ ಬಿಟ್ಟು ಹೋದ ಹುಡುಗ ನೀರು ಬಿಟ್ಟು ಕೂತಿದ್ದಾನೆ!

ಅರ್ಧ ತಾಸಿನಲ್ಲಿ ಕಟ್ಟೆ ಸಾರಿಸಿ, ರಂಗೋಲಿ ಹಾಕಿ, ಚಾಪೆ ಹಾಸಿ, ರೇವಣಸಿದ್ದನ ಹಣೆಗೆ ವಿಭೂತಿ ಬಳಿದು ಕೂರಿಸಿದ್ದಾಯಿತು. ಓಣಿಯ ಭಜನೆಯ ಹೆಣ್ಣುಮಕ್ಕಳು ತಾಳ ತಂದರು. ಒಬ್ಬ ಮುದುಕಿ ಅವನ ಕಾಲು ಮುಟ್ಟಿದಳು. ಕಾಲು ಎಳೆದುಕೊಂಡರೆ ಅವಳಿಗೆ ಬೇಜಾರಾದೀತೆಂದು ಅವನು ಎಳೆದುಕೊಳ್ಳಲಿಲ್ಲ. ಆಮೇಲೆ ಸಾಲು ಹತ್ತಿತು.

ಆ ಹೊತ್ತಿಗೆ ಸರಿಯಾಗಿ ದೇವಿಂದ್ರ ಆ ದಾರಿಯಲ್ಲಿ ಬಂದ. ಇವನು ಸೇಡಂ ತಾಲ್ಲೂಕಿನ ಒಂದು ಹೋರಾಟ ಸಮಿತಿಯ ಅಧ್ಯಕ್ಷ. ಸದಸ್ಯರು ಇನ್ನೂ ಸೇರಬೇಕಾಗಿತ್ತು. ನ್ಯಾಯಕ್ಕಾಗಿ ನಿಜವಾಗಿಯೂ ಜೀವ ತೇಯುವ ಹುಡುಗ. ಆದರೆ ಆ ತಿಂಗಳು ಅವನಿಗೆ ಯಾವ ಹೋರಾಟವೂ ಸಿಕ್ಕಿರಲಿಲ್ಲ. ರೇವಣಸಿದ್ದನ ಪಗಾರದ ಸುದ್ದಿ ಅವನಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಕೂತವನನ್ನು ಕಂಡು ಗಾಡಿ ನಿಲ್ಲಿಸಿದ.

"ಅಣ್ಣಾ, ಇಲ್ಲ್ಯಾಕ ಕುಂತೀದಿ?"

"ಪಗಾರಕ್ಕ," ಎಂದ ರೇವಣಸಿದ್ದ ಮೆಲ್ಲಗೆ.

"ಊಟ?"

"ಮುಟ್ಟಂಗಿಲ್ಲ."

"ನೀರು?"

"ಅದೂ ಇಲ್ಲ."

"ಎಲ್ಲೀತನ?"

"ಪಗಾರ ಕೈಯಾಗ ಬರೂತನ."

ದೇವಿಂದ್ರನ ಮೈಮೇಲೆ ರೋಮ ನಿಂತವು. "ಆಮರಣಾಂತ ಉಪವಾಸ! ಅಣ್ಣಾ, ಒಂದ್ ಮಾತ್ ನನಗ ಹೇಳಬಾರದಾ? ನಾ ಏನ್ ಸತ್ತಿದ್ನಾ?"

"ಇಲ್ಲಪ್ಪಾ, ಇದು ನಮ್ಮ ಮನಿಯಾಕಿ…"

"ಮನ್ಯಾಗ ಹೇಳೇ ಬಂದೀದಿ! ಗಂಡಸು ಅಂದ್ರ ನೀನು!" ಎಂದವನೇ ಹೋಗಿ ಹಾರ ತಂದು ಅವನ ಕೊರಳಿಗೆ ಹಾಕಿದ, ಬ್ಯಾನರೂ ತಂದ. ಬ್ಯಾನರು ಹಿಂದಿನ ನೀರಿನ ಹೋರಾಟದ್ದು. 'ಕುಡಿಯುವ ನೀರು ಕೊಡಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹೊಸದು ಬರೆಸಲು ಹೊತ್ತಿರಲಿಲ್ಲ. ನೀರು ಮುಟ್ಟದೆ ಕೂತ ಮನುಷ್ಯನ ತಲೆಯ ಮೇಲೆ ಆ ಬ್ಯಾನರು ತೂಗಿತು. ಹಮಾಲರು ಬಂದು ಕೂತರು. ಭಜನೆಯವರಿಗೂ ಘೋಷಣೆಯವರಿಗೂ ಮೊದಲು ಸ್ವಲ್ಪ ಜಗಳವಾಗಿ, ಆಮೇಲೆ ಒಪ್ಪಂದವಾಯಿತು: ಒಂದು ಪದ, ಒಂದು ಘೋಷಣೆ. ತಾಳ ಎರಡಕ್ಕೂ ಇರಲಿ ಎಂದು ಹೆಣ್ಣುಮಕ್ಕಳು ದೊಡ್ಡ ಮನಸ್ಸು ಮಾಡಿದರು.

ನಡುವೆ ಕೂತ ರೇವಣಸಿದ್ದನಿಗೆ ನಿಜ ಹೇಳಬೇಕೆಂದು ಹಲವು ಸಲ ಅನಿಸಿತು. ಮುಂಜಾನೆ ರೊಟ್ಟಿ ಹೊಡೆದು ಬಂದಿದ್ದೇನೆ ಎಂದರೆ ಕಾಲು ಮುಟ್ಟಿದ ಮುದುಕಿಗೆ ಏನನಿಸೀತು? ಕೆಲಸ ಬಿಟ್ಟು ಬಂದ ಹಮಾಲರಿಗೆ ಏನನಿಸೀತು? ಅವರ ಮುಖ ನೋಡಿ ಬಾಯಿ ಮುಚ್ಚಿದ. ಮುಚ್ಚಿದ ಬಾಯಿ ನೋಡಿ ಯಾರೋ "ಮೌನ ಬ್ಯಾರೆ ಹಿಡದಾನ" ಎಂದರು.

ಬಸವಂತರಾಯರು ಬಜಾರಿನಿಂದ ಬಂದಾಗ ಮನೆ ಮುಂದೆ ಜನವೋ ಜನ. ತಾಳದ ಸದ್ದು ಕೇಳಿ ಅವರ ಮನಸ್ಸು ತುಂಬಿತು. ಶ್ರಾವಣದಲ್ಲಿ ತಮ್ಮ ಕಟ್ಟೆಯ ಮೇಲೆ ಶಿವಭಜನೆ! ಚಪ್ಪಲಿ ಬಿಟ್ಟು, ಹಿಂದಿನ ಸಾಲಿನಲ್ಲಿ ಒಬ್ಬ ಹಮಾಲನ ಪಕ್ಕ ಕೂತು ಕಣ್ಣುಮುಚ್ಚಿ ಚಪ್ಪಾಳೆ ತಟ್ಟತೊಡಗಿದರು. ಪದ ಮುಗಿದು ಘೋಷಣೆ ಬಂತು.

"ಕೊಡಬೇಕು ಕೊಡಬೇಕು!" ಎಂದು ದೇವಿಂದ್ರ ಕೂಗಿದ.

"ಪಗಾರ ಕೊಡಬೇಕು!" ಎಂದರು ಎಲ್ಲರೂ. ಬಸವಂತರಾಯರ ದನಿ ಎಲ್ಲರಿಗಿಂತ ಮೇಲಿತ್ತು. ಎರಡು ಸಲ ಕೂಗಿದ ಮೇಲೆ ಅವರು ಕಣ್ತೆರೆದು ಪಕ್ಕದ ಹಮಾಲನನ್ನು ಕೇಳಿದರು.

"ಯಾರ ಪಗಾರೋ?"

"ರೇವಣಸಿದ್ದಂದ್ರಿ."

"ಯಾರ ಕೊಡಬೇಕು?"

ಹಮಾಲ ಅವರ ಕಡೆ ನೋಡಿ, ಹೇಳಲೋ ಬೇಡವೋ ಎಂದು ಯೋಚಿಸಿ, ಅಂತೂ ಹೇಳಿದ. "ನೀವೇರಿ ಮಾಲಕ್ರ."

ಬಸವಂತರಾಯರ ಚಪ್ಪಾಳೆಗೆ ಎತ್ತಿದ ಎರಡು ಕೈಗಳು ಹಾಗೇ ಗಾಳಿಯಲ್ಲಿ ನಿಂತವು.

ಅಷ್ಟರಲ್ಲಿ ಭಾಗ್ಯಜ್ಯೋತಿ ಬಂದಳು. ಮಧ್ಯಾಹ್ನವಾದರೂ ಗಂಡ ಬಾರದ್ದಕ್ಕೆ ಪಾಪ, ಡಬ್ಬಿಯಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಅವರ ಮನೆಯದು ಮುಟ್ಟಬಾರದೆಂದು ಆಣೆಯೇ ಹೊರತು ತನ್ನ ಮನೆಯದಕ್ಕೆ ಅಡ್ಡಿಯಿರಲಿಲ್ಲ. ಕಟ್ಟೆಯ ಮೇಲೆ ಹಾರ, ವಿಭೂತಿ, ಬ್ಯಾನರು ಹೊತ್ತು ಕೂತವನು ತನ್ನ ಗಂಡನೇ ಎಂದು ಗುರುತಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ರೀ, ಬರ್ರಿ, ಊಟ ಮಾಡ್ರಿ."

ಎಲ್ಲರ ಮುಖ ಡಬ್ಬಿಯ ಕಡೆ ತಿರುಗಿತು. ಡಬ್ಬಿಯ ಸಂದಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹೊರಟು ಕಟ್ಟೆಯ ಮೇಲೆಲ್ಲ ಹರಡಿತು. ರೇವಣಸಿದ್ದ ಏಳಲು ಹೋದ. ಆ ಮುದುಕಿ ಅವನ ಭುಜ ಒತ್ತಿ ಕೂರಿಸಿದಳು.

"ಯವ್ವಾ, ನಿನ್ನ ಸಂಕಟ ತಿಳೀತದ. ಆದರ ವ್ರತ ಕೆಡಸಬ್ಯಾಡ."

"ಯಾತರ ವ್ರತ? ಮುಂಜಾನೆ ಇವರಿಗಿ ನಾನೇ…"

"ತಂಗೀ!" ದೇವಿಂದ್ರ ಕೈಮುಗಿದ. "ಹೋರಾಟಗಾರರ ಹೆಂಡ್ತಿ ಕಣ್ಣೀರು ಹಾಕಬಾರದು."

"ನಾ ಎಲ್ಲಿ ಅಳಾಕತ್ತೀನಿ?"

"ಹಾಂ, ಹಂಗೇ ಇರಬೇಕು!" ಎಂದು ಅವನು ಅವಳಿಗೂ ಒಂದು ಹಾರ ಹಾಕಿದ. ಬುತ್ತಿಯ ಡಬ್ಬಿ ಕೈಯಿಂದ ಕೈಗೆ ದಾಟಿ ಹಮಾಲರ ಸಾಲು ಮುಟ್ಟಿ, ಅಲ್ಲಿಂದ ಖಾಲಿಯಾಗಿ ತಿರುಗಿ ಬಂತು.

ದೇವಿಂದ್ರ ಅಷ್ಟಕ್ಕೇ ನಿಲ್ಲಲಿಲ್ಲ. ಒಬ್ಬ ಮನುಷ್ಯ ಕೊನೆಯುಸಿರು ಎಳೆಯಲಿಕತ್ತಾನೆಂದು ಆಂಬುಲೆನ್ಸಿಗೂ ಕಾರ್ಮಿಕ ಇಲಾಖೆಗೂ ಫೋನು ಮಾಡಿದ. ಆಂಬುಲೆನ್ಸು ಮೊದಲು ಬಂತು. ಪೂನಮ್ ಎಂಬ ನರ್ಸಮ್ಮ ಇಳಿದು, ರೇವಣಸಿದ್ದನ ಬೆರಳು ಚುಚ್ಚಿ ಯಂತ್ರಕ್ಕೆ ಹಿಡಿದಳು. ಯಂತ್ರ ನೋಡಿದಳು, ರೇವಣಸಿದ್ದನನ್ನು ನೋಡಿದಳು. ಮತ್ತೊಂದು ಬೆರಳು ಚುಚ್ಚಿದಳು.

"ಇವರು ಎಷ್ಟು ದಿನದಿಂದ ಊಟ ಮಾಡಿಲ್ಲ?"

"ಮೂರು ದಿನ!" ಎಂದಿತು ಒಂದು ಕಡೆ. "ವಾರ!" ಎಂದಿತು ಇನ್ನೊಂದು ಕಡೆ.

"ಸಕ್ರಿ ಛಲೋ ಅದ, ಬಿಪಿ ಛಲೋ ಅದ. ಹೊಟ್ಟಿ ಮುಟ್ಟಿ ನೋಡಿದ್ರ ಕಲ್ಲಿನಂಗ ತುಂಬ್ಯದ. ಇವರು ಮುಂಜಾನೆ ಗಟ್ಟಿ ನಾಷ್ಟಾ ಮಾಡಿರಬೇಕು."

ರೇವಣಸಿದ್ದ ತಲೆ ತಗ್ಗಿಸಿದ. ಇನ್ನು ಮುಗಿಯಿತು, ಮಾನವೂ ಹೋಯಿತು, ಪಗಾರವೂ ಹೋಯಿತು ಎಂದುಕೊಂಡ. ಆದರೆ ಭಾಗಮ್ಮನವರು ಎರಡೂ ಕೈ ಜೋಡಿಸಿ ಆಕಾಶ ನೋಡಿದರು.

"ನೋಡ್ರೆವ್ವಾ, ನೋಡ್ರಿ! ನೀರೂ ಮುಟ್ಟಿಲ್ಲ, ಹೊಟ್ಟಿ ತುಂಬ್ಯದ! ಶಿವನೇ ಬಂದು ಉಣಿಸ್ಯಾನ!"

ಕಾಲು ಮುಟ್ಟುವ ಸಾಲು ಬಾಗಿಲು ದಾಟಿ ರಸ್ತೆಗೆ ಹೋಯಿತು. ಅದರಲ್ಲಿ ಆಂಬುಲೆನ್ಸಿನ ಡ್ರೈವರನೂ ಇದ್ದ.

ಕಾರ್ಮಿಕ ಇನ್ಸ್‌ಪೆಕ್ಟರ್ ಲುಂಬಿನಿಯವರು ಚಿಂಚೋಳಿ ಕಡೆ ಹೊರಟಿದ್ದರು, ಜೀಪು ತಿರುಗಿಸಿ ಬಂದರು. ಚಿಕ್ಕ ವಯಸ್ಸು, ಮೆಲುದನಿ. ಅವರಿಗೂ ಚಹಾ ಬಂತು. ಅವರು ಕುಡಿದರು. ಕುಡಿದು, ಕಪ್ಪು ಕೆಳಗಿಟ್ಟು, ಬಸವಂತರಾಯರನ್ನು ಕೇಳಿದರು.

"ರೇವಣಸಿದ್ದ ಅವರ ಎರಡು ತಿಂಗಳ ಪಗಾರ ಬಾಕಿ ಅದ ಅಂತಾರ, ಖರೇನಾ?"

"ಖರೇ ಅದ ಮೇಡಂ. ಭದ್ರ ಇಟ್ಟೀನಿ."

"ಯಾಕ ಕೊಟ್ಟಿಲ್ರಿ?"

"ಕೊಟ್ರ ಹೋಗಿಬಿಡ್ತಾನಲ್ರಿ!"

"ಅವರು ಕೆಲಸ ಬಿಟ್ಟಾರ. ಹೋಗೋರೇ."

"ಅದಕ್ಕೇ ಮೇಡಂ! ಮನಿ ಮಗನಂಗ ಇದ್ದ ಹುಡುಗ. ಜರಾ ತಡದ್ರ ಮನಸ್ಸು ತಿರುಗೀತು ಅಂತ ಆಸಿ. ಪ್ರೀತಿಲಿಂದ ಇಟ್ಟುಕೊಂಡೀನಿ, ಕಳ್ಳತನಾ ಮಾಡಿಲ್ಲ."

ಲುಂಬಿನಿ ನಗಲಿಲ್ಲ, ಆದರೆ ನಗುವನ್ನು ತಡೆದದ್ದು ಎಲ್ಲರಿಗೂ ಕಂಡಿತು. "ಹೊಸ ಕಾಯ್ದೆ ಬಂದದ ಅಪ್ಪಾರೆ. ಕೆಲಸ ಬಿಟ್ಟ ಮ್ಯಾಲ ಎರಡು ಕೆಲಸದ ದಿನದಾಗ ಬಾಕಿ ಪಗಾರ ಪೂರಾ ಕೊಡಬೇಕು. ಪಗಾರದಾಗ ಯಾವುದಕ್ಕ ಕಡಿತ ಮಾಡಬಹುದು ಅಂತ ಅದರಾಗ ಬರದಾರ. ಪ್ರೀತಿಗಿ ಅಂತ ಎಲ್ಲೂ ಬರದಿಲ್ಲ."

"ಆದರ ಅವ ಒಂದ್ ದಿನಾನೂ ಕೇಳೇ ಇಲ್ಲ ಮೇಡಂ! ಅವನನ್ನೇ ಕೇಳ್ರಿ!"

ಲುಂಬಿನಿ ಕಟ್ಟೆಯ ಕಡೆ ತಿರುಗಿದರು. "ನೀವು ಪಗಾರ ಕೇಳೀರಿಲ್ಲ?"

"ದಿನಾ ಬಂದೀನ್ರಿ," ಎಂದ ರೇವಣಸಿದ್ದ.

"ಬಂದೀರಿ. ಕೇಳೀರೇನು?"

ಅವನು ಸತ್ಯ ಹೇಳಿದ. "ಉಂಡೀನ್ರಿ."

"ಕೇಳಿದ್ರಾ ಮೇಡಂ!" ಬಸವಂತರಾಯರಿಗೆ ಜೀವ ಬಂತು.

"ಕೇಳ್ದೆ. ಅವರು ಕೇಳ್ಲಿ ಬಿಡ್ಲಿ, ಕೊಡಬೇಕು. ಕೇಳೋದು ಅವರ ಕೆಲಸ ಅಲ್ಲ, ಕೊಡೋದು ನಿಮ್ಮ ಕೆಲಸ. ಇವತ್ತ ಕೊಡದಿದ್ರ ನಾ ನೋಟಿಸ್ ಬರೀಬೇಕಾಗ್ತದ."

ನೋಟಿಸು ಎಂಬ ಮಾತು ಅಷ್ಟು ಜನರೆದುರು, ಅದೂ ತಮ್ಮದೇ ಕಟ್ಟೆಯ ಮೇಲೆ! ಬಸವಂತರಾಯರ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯರು ಸಿಕ್ಕಿಬಿದ್ದಾಗ ಕೆಲವೊಮ್ಮೆ ತಮ್ಮದಲ್ಲದ ಮಾತನ್ನು ಆಡಿಬಿಡುತ್ತಾರೆ. ಅವರೂ ಆಡಿದರು.

"ಹಂಗಂದ್ರ ಲೆಕ್ಕ ಎರಡೂ ಕಡಿ ಆಗ್ಲಿ! ಕೆಲಸ ಬಿಟ್ಟ ಮ್ಯಾಲ ನಮ್ಮ ಮನ್ಯಾಗ ಅವ ಉಂಡ ರೊಟ್ಟಿ ಲೆಕ್ಕಾನೂ ಹಿಡೀರಿ!"

ತಾಳಗಳು ನಿಂತವು. ದೇವಿಂದ್ರ ಕೂಡ ಕೂಗಲು ತೆರೆದ ಬಾಯಿಯನ್ನು ಮುಚ್ಚಿದ. ಎಲ್ಲರೂ ನೋಡಿದ್ದು ಭಾಗಮ್ಮನವರನ್ನು.

ಭಾಗಮ್ಮನವರು ಗಂಡನೆದುರು ಬಂದು ನಿಂತರು. ದನಿ ಏರಿಸಲಿಲ್ಲ.

"ಏನಂದ್ರಿ?"

"ಅಲ್ಲ, ಬಾಯಿ ತಪ್ಪಿ…"

"ನಾ ಹಾಕಿದ ತಾಟಿಗಿ ಲೆಕ್ಕ ಹಚ್ತೀರಿ? ಹೊಟ್ಟಿಗಿ ಹಾಕಿದ್ದು ಶಿವಂದು, ಅದಕ್ಕ ಲೆಕ್ಕಿಲ್ಲ. ಅವ ದುಡದದ್ದು ಅವಂದು, ಅದಕ್ಕ ಲೆಕ್ಕದ. ಇಷ್ಟು ದಿನ ನೀವು ನನ್ನ ರೊಟ್ಟಿ ಮುಂದ ಮಾಡಿ ಅವನ ಪಗಾರ ಹಿಂದ ಮುಚ್ಚಿಟ್ಟೀರಿ. ಅಂದ್ರ ನಾ ಬಡದ ರೊಟ್ಟಿ ನಿಮಗ ಕೀಲಿ ಆಗಿತ್ತಾ? ನಾ ದಿನಾ ಒಲಿ ಮುಂದ ಕುಂತು ಏನ್ ಮಾಡಾಕತ್ತಿದ್ದೆ ಅಂತ ಈಗ ತಿಳೀತು."

ಬಸವಂತರಾಯರು ಮೊದಲು ಹೆಂಡತಿಯ ಮುಖ, ಆಮೇಲೆ ಕಟ್ಟೆಯ ಮೇಲೆ ಹಾರದ ಭಾರಕ್ಕೆ ಬಾಗಿ ಕೂತ ರೇವಣಸಿದ್ದನ ಮುಖ ನೋಡಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಾವ್ಕಾರರಿಗೆ ತನ್ನಿಂದ ಅವಮಾನವಾಯಿತಲ್ಲ ಎಂಬ ಸಂಕಟವಿತ್ತು. ಅದನ್ನು ಕಂಡು ಅವರ ಎದೆ ಕರಗಿತು. ಸೊಂಟದ ಕೀಲಿಗೊಂಚಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು.

"ನೀನೇ ತಗದು ಕೊಡು. ನನ್ನ ಕೈಲಿಂದ ಕೊಟ್ರ ಇನ್ನೂ ತಡ ಆದೀತು."

ಭಾಗಮ್ಮನವರು ತಂದು, ಲುಂಬಿನಿಯವರ ಮುಂದೆ ಎಣಿಸಿ, ರೇವಣಸಿದ್ದನ ಕೈಯಲ್ಲಿಟ್ಟರು. ಅವನು ಕೈ ಹಿಂದೆಗೆಯಬಹುದೆಂದು ಹೆದರಿ ಭಾಗ್ಯಜ್ಯೋತಿ ಅವನ ಮುಷ್ಟಿಯನ್ನು ತನ್ನೆರಡೂ ಕೈಗಳಿಂದ ಮುಚ್ಚಿದಳು. ಬಸವಂತರಾಯರು ಅವನ ಬೆನ್ನ ಮೇಲೆ ಕೈಯಿಟ್ಟರು.

"ಹೋಗು ತಮ್ಮಾ, ವಾಡಿಗಿ ಹೋಗು. ಕುರ್ಚಿಗಿ ಗಾಲಿ ಅದ ಅಂತಲ್ಲ, ಜರಾ ಹುಷಾರಿಲೆ ಕುಂದ್ರು."

ದೇವಿಂದ್ರ ಜಯಘೋಷ ಹಾಕಿದ. ಭಜನೆಯವರು ಮಂಗಳ ಹಾಡಿದರು. ನರ್ಸಮ್ಮ ಪೂನಮ್ ಹೋಗುವಾಗ 'ಇವರಿಗೆ ಜೀರ್ಣದ ಗುಳಿಗೆ ಕೊಡ್ರಿ' ಎಂದು ಹೇಳಿ ಹೋದಳು. ಬಂದವರಾರೂ ಉಣ್ಣದೆ ಹೋಗಬಾರದೆಂದು ಭಾಗಮ್ಮನವರು ಬಾಗಿಲಿಗೆ ಅಡ್ಡ ನಿಂತರು. ಅಂಗಳದಲ್ಲಿ ಪಂಕ್ತಿ ಬಿತ್ತು. ಮೊದಲ ತಾಟು ವ್ರತ ಮುಗಿಸಿದವನಿಗೆ.

ಪಂಕ್ತಿಯ ತುದಿಯಲ್ಲಿ ದ್ರೌಪದಿ ಎಂಬ ಹೆಂಗಸು ಕೂತಿದ್ದಳು. ಮಿಲ್ಲಿನಲ್ಲಿ ಬೇಳೆ ಆರಿಸುತ್ತಿದ್ದವಳು. ಮಗಳ ಬಾಣಂತನಕ್ಕೆ ಕುಂಚಾವರಂಗೆ ಹೋಗಬೇಕಾಗಿ ಯುಗಾದಿಯ ಹೊತ್ತಿಗೇ ಕೆಲಸ ಬಿಟ್ಟಿದ್ದಳು. ಅಂದು ಬಂದದ್ದು ತಾಳ ಬಾರಿಸಲು. ಅವಳು ನಿಧಾನವಾಗಿ ಉಂಡಳು, ಕೇಳಿ ಪ‌ಲ್ಯ ಹಾಕಿಸಿಕೊಂಡಳು, ಮೇಲೆ ಬಂದ ಚಹಾವನ್ನು ಬಸಿಗೆ ಸುರುವಿ ಆರಿಸಿ ಕುಡಿದಳು. ಬಾಯಿ ಒರೆಸಿಕೊಂಡು ಒಂದೇ ಉಸಿರಿನಲ್ಲಿ ಹೇಳಿದಳು:

"ಅಕ್ಕೋರೆ, ಊಟ ಭಾಳ ಛಲೋ ಆತ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ. ಸಾವ್ಕಾರ್ರೆ, ನಂದು ಅರ್ಧ ತಿಂಗಳ ಪಗಾರ ಉಳದದ, ಕೊಡ್ರಿ."

ಬಸವಂತರಾಯರು ಲುಂಬಿನಿಯವರನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಹೌದಲ್ಲವಾ, ನಿಂದೂ ಅದ. ನನಗ ನೆನಪೇ ಹಾರಿತ್ತು" ಎಂದು ಎದ್ದು ಹೋಗಿ ತಂದು ಕೊಟ್ಟರು. ದ್ರೌಪದಿ ಸೆರಗಿನ ತುದಿಗೆ ಗಂಟು ಹಾಕಿ, ಉಳಿದ ಚಹಾ ಕುಡಿಯತೊಡಗಿದಳು.

ರೇವಣಸಿದ್ದನ ಕಡೆಯ ತುತ್ತು ಬಾಯಿಯ ಹತ್ತಿರವೇ ನಿಂತಿತ್ತು.

"ಯಕ್ಕಾ," ಎಂದ ಮೆಲ್ಲಗೆ, "ಉಂಡ ಮ್ಯಾಲೂ ಕೇಳಬಹುದಾ?"

"ಉಣ್ಣೋದು ಬ್ಯಾರೆ, ಪಗಾರ ಬ್ಯಾರೆ, ತಮ್ಮಾ."

"ಹಿಂಗ ಕೇಳಿದ್ರ ಕೊಡ್ತಾರ?"

"ಮತ್ತ ಹ್ಯಾಂಗ್ ಕೇಳ್ತಾರಪ್ಪಾ?"

ರೇವಣಸಿದ್ದ ಯೋಚನೆಗೆ ಬಿದ್ದ. ಅವನ ತಾಟು ಖಾಲಿಯಾಗಿತ್ತು. ಭಾಗಮ್ಮನವರು ರೊಟ್ಟಿಯ ಬುಟ್ಟಿ ಹಿಡಿದು ಪಂಕ್ತಿಯ ಆ ಕಡೆ ದಾಟಿಹೋಗುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡ. ಭಾಗ್ಯಜ್ಯೋತಿ ಹೆದರಿ ಅವನ ಕಡೆ ನೋಡಿದಳು. ಇಡೀ ಪಂಕ್ತಿ ಕೇಳುವಂತೆ, ತನ್ನ ದನಿಗೆ ತಾನೇ ಬೆಚ್ಚಿ, ರೇವಣಸಿದ್ದ ಕೂಗಿದ:

"ಅಕ್ಕೋರೆ, ನನಗ ಇನ್ನೊಂದು ರೊಟ್ಟಿ ಬೇಕ್ರಿ!"